ಶಾಲೆಯ ಗೋಡೆಯ ಮೇಲಿನ ಕೆಂಪು ಬಾಟಲಿ

ಊಟದ ಡಬ್ಬಿ ಅಂದೂ ತುಂಬಿದ ಹಾಗೆಯೇ ಮನೆಗೆ ಬಂತು. ಪೇಂಟರನ ಹೆಂಡತಿ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು ಮುಚ್ಚಳ ತೆಗೆದಳು. ಬೇಯಿಸಿದ ಮೊಟ್ಟೆ ಇಟ್ಟಲ್ಲೇ ಇತ್ತು. ಸೌತೆಕಾಯಿ ಹೋಳುಗಳು ಬಾಡಿ ಮುದುಡಿದ್ದವು.

“ಏನೇ ಇದು? ಮೊಟ್ಟೆ ನಿನ್ನ ಜೊತೆ ಪಾಠ ಕೇಳೋಕೆ ಬಂದಿತ್ತಾ?”

“ಹಸಿವೇ ಆಗಲಿಲ್ಲಮ್ಮ.”

ಮಾತಿಗೆ ಮುಂಚೆ ಮಾತು ಸಿಡಿಸುವ ಆ ಮಗಳನ್ನು ಬೀದಿಯವರೆಲ್ಲ ಚಿನಕುರುಳಿ ಎಂದೇ ಕರೆಯುತ್ತಿದ್ದರು. ಹಸಿವಿಲ್ಲ ಎಂದು ಬಾಯಿ ಹೇಳಿದರೂ ಅವಳ ನಾಲಿಗೆ ಬೇರೆಯೇ ಹೇಳುತ್ತಿತ್ತು. ಅದು ಕೆಂಪು ಶಾಯಿಯಲ್ಲಿ ಅದ್ದಿ ತೆಗೆದ ಹಾಗಿತ್ತು.

“ಮತ್ತೆ ಆ ಕೆಂಪು ಜ್ಯೂಸು ಕುಡಿದ್ಯಾ? ರೀ, ನೋಡಿ ನಿಮ್ಮ ಮಗಳನ್ನ. ದಿನಾ ಇದೇ ಗೋಳು!”

ಬ್ರಷ್ಷು ತೊಳೆಯುತ್ತಿದ್ದ ಪೇಂಟರ್ ತಲೆ ಎತ್ತಲಿಲ್ಲ. ಎತ್ತಿದರೆ ಸಿಕ್ಕಿಬೀಳುತ್ತಾನೆ. ಶಾಲೆಯ ಗೇಟಿನ ಪಕ್ಕದ ಗೋಡೆಯ ಮೇಲೆ ಆಳೆತ್ತರದ ಕೆಂಪು ಜ್ಯೂಸಿನ ಬಾಟಲಿ ಬರೆದವನು ಅವನೇ.

ಅದು ಅಂತಿಂಥ ಬಾಟಲಿಯಲ್ಲ. ಅದರ ಮೈತುಂಬ ನೀರಿನ ಹನಿಗಳು. ಪ್ರತಿ ಹನಿಯ ಕೆಳಗೆ ಕೂದಲೆಳೆಯಷ್ಟು ನೆರಳು, ನೆತ್ತಿಯ ಮೇಲೆ ಬೆಂಕಿಕಡ್ಡಿಯ ತುದಿಯಿಂದ ಇಟ್ಟ ಬಿಳಿ ಚುಕ್ಕೆ. ಆ ಚುಕ್ಕೆ ಸರಿಯಾಗಿ ಕೂತರೆ ಹನಿ ಈಗ ಜಾರೀತು, ಆಗ ಜಾರೀತು ಎಂದು ನೋಡುವವರು ನಿಂತೇ ಬಿಡಬೇಕು. ಬಾಟಲಿಯ ಕೆಳಗೆ ದಪ್ಪ ಅಕ್ಷರದಲ್ಲಿ ‘ಶಕ್ತಿ’ ಎಂಬ ಒಂದೇ ಪದ. ಕಂಪನಿಯವರು ಹೇಳಿದ್ದು, ಅವನು ಬರೆದದ್ದು. ಚಿನಕುರುಳಿ ಅಪ್ಪನ ಹೆಗಲ ಮೇಲೆ ಕೂತು, ಮೊಟ್ಟಮೊದಲು ತಾನಾಗಿ ಕೂಡಿಸಿ ಓದಿದ ಪದವೂ ಅದೇ. ಅಂದಿನಿಂದ ಅವನಿಗೆ ಆ ಗೋಡೆ ಎಂದರೆ ಮನೆಯ ಗೋಡೆಗಿಂತ ಹೆಚ್ಚು.

ಕತ್ತಲಾಗುವ ಮೊದಲು ಅವನ ತಂಗಿ ಬಂದಳು. ಆಸ್ಪತ್ರೆಯಲ್ಲಿ ನರ್ಸು, ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು, ಕಣ್ಣು, ತೂಕ ನೋಡುವುದು ಅವಳ ಕೆಲಸ.

“ಅಣ್ಣ, ಒಂದು ಸುದ್ದಿ ತಂದಿದ್ದೀನಿ. ಕೇಳಿ ಮುಖ ಊದಿಸ್ಕೋಬಾರದು.”

“ಮೊದಲು ಹೇಳು. ಊದಿಸೋದು ಬಿಡೋದು ಆಮೇಲೆ ನೋಡೋಣ.”

“ಸರ್ಕಾರ ಹೊಸ ನಿಯಮ ಮಾಡಿದೆ. ಸರ್ಕಾರಿ ಶಾಲೆಗಳಲ್ಲಿ ಇನ್ಮೇಲೆ ಜಂಕ್ ಫುಡ್ ಜಾಹೀರಾತು ಇರೋ ಹಾಗಿಲ್ಲ. ಚಿಪ್ಸು, ಮಿಠಾಯಿ, ಸಕ್ಕರೆ ಜ್ಯೂಸು ಯಾವುದೂ. ಗೋಡೆ, ಗೇಟು, ನೋಟ್‌ಬುಕ್ಕಿನ ರಟ್ಟು, ಆಟದ ಅಂಗಿ, ಎಲ್ಲೂ. ನಿನ್ನ ಬಾಟಲೀನೂ ಅಳಿಸಬೇಕು.”

“ನನ್ನ ಬಾಟಲೀನಾ?” ಪೇಂಟರ್ ಎದ್ದು ನಿಂತ. “ಅಂಗಡೀಲಿ ಮಾರಬಹುದು, ಗೋಡೆ ಮೇಲೆ ಬರೀಬಾರದು! ಇದ್ಯಾವ ಸೀಮೆ ನ್ಯಾಯ?”

“ಅಂಗಡಿಗೆ ಬೇಕಾದವರು ಹೋಗ್ತಾರೆ. ಶಾಲೆಗೆ ಮಗು ಹೋಗಲೇಬೇಕಲ್ಲಣ್ಣ. ಹೋಗ್ತಾ ಬರ್ತಾ ನಿನ್ನ ಬಾಟಲಿ ಕಣ್ಣಿಗೆ ಹೊಡೆಯುತ್ತೆ. ಸಕ್ಕರೆ ನೀರಲ್ಲಿ ಹೊಟ್ಟೆ ತುಂಬಿಸ್ಕೊಂಡ ಮೇಲೆ ಊಟ ಎಲ್ಲಿ ಸೇರುತ್ತೆ? ಹುಳುಕು ಹಲ್ಲುಗಳನ್ನ ದಿನಾ ನೋಡೋಳು ನಾನು.”

“ಚಿತ್ರ ನೋಡಿ ಯಾರೂ ಕುಡಿಯಲ್ಲ ಕಣೇ. ಅದು ಬರೀ ಬಣ್ಣ.”

ಹೊಲಿಗೆ ಯಂತ್ರ ಟಕ್ಕನೆ ನಿಂತಿತು.

“ಹೌದಾ?” ಎಂದಳು ಹೆಂಡತಿ. “ಮೊನ್ನೆ ಕ್ಷೌರದ ಅಂಗಡಿಯವರಿಗೆ ಏನಂದ್ರಿ? ‘ನಾನು ಬೋರ್ಡು ಬರೆದ್ರೆ ಬೋಳು ತಲೆಯವರೂ ಕಟಿಂಗಿಗೆ ಬರ್ತಾರೆ’ ಅಂದಿದ್ದು ಯಾರು?”

ತಂಗಿ ಬಿದ್ದು ಬಿದ್ದು ನಕ್ಕಳು. “ಅತ್ತಿಗೆ, ನೀವು ವಕೀಲರಾಗಬೇಕಿತ್ತು!”

“ಅದು ವ್ಯಾಪಾರದ ಮಾತು,” ಎಂದು ಗೊಣಗಿ ಪೇಂಟರ್ ಬ್ರಷ್ಷುಗಳ ಕಡೆಗೆ ತಿರುಗಿದ.

ಮರುದಿನ ಶಾಲೆಯ ಹೆಡ್ ಮೇಡಂ ಬಾಟಲಿ ಅಳಿಸಬೇಕೆಂದು ಹೇಳಿಕಳಿಸಿದರು. ತನ್ನ ಚಿತ್ರದ ಮೇಲೆ ಬೇರೆಯವರ ಕೈ ಬೀಳುವುದು ಬೇಡವೆಂದು ರಜೆಯ ದಿನ ಅವನೇ ಸುಣ್ಣದ ಬಕೆಟ್ಟು ಹಿಡಿದು ಹೋದ. ಹೋದನೇನೋ ಸರಿ, ಆದರೆ ಮನಸ್ಸು ಒಂದು ಕಳ್ಳ ಲೆಕ್ಕ ಹಾಕಿತು. ಇವತ್ತು ಬಂದ ನಿಯಮ ನಾಳೆ ಹೋಗಲೂಬಹುದಲ್ಲ? ಎಣ್ಣೆ ಬಣ್ಣದ ಮೇಲೆ ಸುಣ್ಣ ಕಚ್ಚಿ ಕೂರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಾಟಲಿ ಮತ್ತೆ ಪ್ರತ್ಯಕ್ಷ. ಸುಣ್ಣವನ್ನು ನೀರು ನೀರಾಗಿ ಕಲಸಿ, ತೆಳ್ಳಗೆ ಒಂದು ಕೈ ಎಳೆದು ಮನೆಗೆ ಬಂದ.

ಎಡವಟ್ಟಾದದ್ದು ಶಾಲೆ ತೆರೆದ ದಿನ. ತಂಗಿಯ ಫೋನು ಬಂತು. “ಅಣ್ಣ, ಇದ್ದ ಹಾಗೇ ಓಡಿ ಬಾ.”

ಹೋಗಿ ನೋಡಿದರೆ ಗೋಡೆಯ ಮುಂದೆ ಮಕ್ಕಳ ಜಾತ್ರೆ. ಒಣಗಿದ ತೆಳು ಸುಣ್ಣದ ಹಿಂದಿನಿಂದ ಬಾಟಲಿ ಇಣುಕುತ್ತಿತ್ತು. ಅಳಿಸಿದಂತೆ ಕಾಣುವುದಿರಲಿ, ಈಗಷ್ಟೇ ಫ್ರಿಜ್ಜಿನಿಂದ ತೆಗೆದಂತೆ ಮೈಯೆಲ್ಲ ಮಂಜು ಕವಿದು ಮೊದಲಿಗಿಂತ ತಣ್ಣಗೆ ಕಾಣುತ್ತಿತ್ತು! ಮಕ್ಕಳು ಅದನ್ನು ಮುಟ್ಟಿ ಮುಟ್ಟಿ “ತಣ್ಣಗಿದೆ ಕಣೋ” ಎನ್ನುತ್ತಿದ್ದರು. ಎದುರಿನ ಅಂಗಡಿಯಾಕೆ ಹೊರಗೆ ಬಂದು ಕೂಗಿದಳು:

“ಪೇಂಟ್ರಣ್ಣ, ಏನು ಮಾಯೆ ಮಾಡಿದ್ರಿ? ಬೆಲ್ಲು ಹೊಡೆಯೋ ಮುಂಚೇನೇ ನನ್ನ ಕೆಂಪು ಜ್ಯೂಸು ಖಾಲಿ!”

ತಂಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಬರೀ ಬಣ್ಣ ಅಂದ್ಯಲ್ಲಣ್ಣ. ಮುಸುಕು ಹಾಕಿದ್ರೂ ನಿನ್ನ ಬಾಟಲಿ ವ್ಯಾಪಾರ ಮಾಡುತ್ತೆ.”

ಪೇಂಟರನಿಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಏನೋ ಸಬೂಬು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಚಿನಕುರುಳಿ ಗುಂಪಿನಿಂದ ನುಗ್ಗಿ ಬಂದಳು.

“ಅತ್ತೆ, ನೀವು ಅದು ಕುಡೀಬೇಡಿ ಅಂತೀರ. ಆದ್ರೆ ಅದರಿಂದ ಶಕ್ತಿ ಬರುತ್ತೆ.”

“ಯಾರು ಹೇಳಿದ್ದು ಪುಟ್ಟ?”

“ಗೋಡೆ ಮೇಲೇ ಬರೆದಿದೆಯಲ್ಲ! ಸುಳ್ಳಾಗಿದ್ರೆ ಶಾಲೆ ಗೋಡೆ ಮೇಲೆ ಬರೀತಾರಾ? ಅದೂ ನಮ್ಮಪ್ಪ ಬರೀತಾರಾ?”

ಹಾಗೆಂದು ಅವಳು ಅಪ್ಪನ ಮುಖ ನೋಡಿದಳು. ಅವಳ ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ.

ಪೇಂಟರ್ ಸಬೂಬನ್ನು ನುಂಗಿಕೊಂಡ. ಕ್ಷೌರದ ಅಂಗಡಿಯ ಬೋರ್ಡು ನೋಡುವವರು ದೊಡ್ಡವರು. ಬಡಾಯಿ ಯಾವುದು, ನಿಜ ಯಾವುದು ಎಂದು ಅವರಿಗೆ ಗೊತ್ತು. ಈ ಗೋಡೆಯನ್ನು ಓದುವವರು ಈಗಷ್ಟೇ ಓದಲು ಕಲಿತವರು. ಇವರಿಗೆ ಗೇಟಿನ ಒಳಗಿನ ಕಪ್ಪುಹಲಗೆಯೂ ಒಂದೇ, ಗೇಟಿನ ಪಕ್ಕದ ಬಾಟಲಿಯೂ ಒಂದೇ. ಎರಡೂ ಪಾಠ.

ಅವನು ಮಗಳ ಎದುರು ಕುಕ್ಕರಗಾಲಲ್ಲಿ ಕೂತ.

“ಅದನ್ನ ತಪ್ಪು ಬರೆದಿದ್ದೀನಿ ಪುಟ್ಟಿ. ಅದರಲ್ಲಿರೋದು ಸಕ್ಕರೆ, ಬಣ್ಣ. ನಿನ್ನ ಶಕ್ತಿ ದಿನಾ ಡಬ್ಬೀಲೇ ಕೂತು ವಾಪಸ್ ಬರ್ತಿದೆ.”

“ಹಾಗಾದ್ರೆ ತಿದ್ದಿಬಿಡಪ್ಪ,” ಎಂದಳು ಚಿನಕುರುಳಿ, ಕಾಪಿ ಪುಸ್ತಕದ ಅಕ್ಷರ ತಿದ್ದಿದಷ್ಟೇ ಸಲೀಸಾಗಿ. “ನಮ್ಮ ಮಿಸ್ ತಪ್ಪಾದ್ರೆ ಪೂರ್ತಿ ಅಳಿಸಿ ಬರೀರಿ ಅಂತಾರೆ.”

ಈ ಸಲ ಪೇಂಟರ್ ಪೂರ್ತಿ ಅಳಿಸಿದ. ಉಪ್ಪುಕಾಗದ ಹಿಡಿದು ಬಾಟಲಿಯನ್ನು ತಲೆಯಿಂದ ಬುಡದವರೆಗೆ ಉಜ್ಜಿದ. ಕೆಂಪು ಪುಡಿ ಅವನ ಮೀಸೆ, ಹುಬ್ಬುಗಳಲ್ಲೆಲ್ಲ ಕೂತಾಗ ಮಕ್ಕಳು ಕುಣಿದಾಡಿ ನಕ್ಕರು. ತಳಬಣ್ಣಕ್ಕೆ ಪ್ರೈಮರ್ ಬಳಿದ, ಒಣಗಲು ಬಿಟ್ಟ. ‘ಶಕ್ತಿ’ ಎಂಬ ಪದದ ಮೇಲಿನ ಸುಣ್ಣವನ್ನಷ್ಟೇ ಒರೆಸಿದ, ಪದವನ್ನು ಮುಟ್ಟಲಿಲ್ಲ. ಮಗಳು ಮೊದಲು ಓದಿದ ಪದ ಅದು, ಅದರದೇನೂ ತಪ್ಪಿರಲಿಲ್ಲ.

“ಪದದ ಮೇಲ್ಗಡೆ ಖಾಲಿ ಜಾಗದಲ್ಲಿ ಏನು ಬರೀತೀರಿ?” ಹೆಡ್ ಮೇಡಂ ಕೇಳಿದರು.

“ಇವರನ್ನೇ ಕೇಳೋಣ ಮೇಡಂ.”

ಮಕ್ಕಳು ಕೂಗಿದ್ದೇ ಕೂಗಿದ್ದು. ಬಾಳೆಹಣ್ಣು! ಕಡಲೆಬೀಜ! ಕ್ಯಾರೆಟ್ಟು! ಆನೆ! ಆನೆಯನ್ನು ಹೇಗೋ ಸಮಾಧಾನ ಮಾಡಿ ಕಳಿಸಬೇಕಾಯಿತು. ಪೇಂಟರ್ ಒಂದು ತೆರೆದ ಊಟದ ಡಬ್ಬಿ ಬರೆದ. ಚಿನಕುರುಳಿಯದೇ ಡಬ್ಬಿ, ಮೂಲೆಯಲ್ಲಿ ತಗ್ಗು ಬಿದ್ದದ್ದು. ಅದರೊಳಗೆ ಮೊಟ್ಟೆ, ಹಣ್ಣು, ಕಾಳು, ಸೌತೆಕಾಯಿ. ಪಕ್ಕದಲ್ಲಿ ಒಂದು ಲೋಟ ತಣ್ಣೀರು. ಕೊನೆಗೆ ಬೆಂಕಿಕಡ್ಡಿ ತೆಗೆದು, ಸೌತೆಕಾಯಿಯ ಮೇಲೂ ಲೋಟದ ಮೇಲೂ ಹನಿಹನಿಗೆ ಬಿಳಿ ಚುಕ್ಕೆ ಇಟ್ಟ.

ಮರುದಿನ ಮಧ್ಯಾಹ್ನ ಶಾಲೆಯ ಆಯಮ್ಮ ಸೊಂಟ ಹಿಡಿದುಕೊಂಡು ಅವನ ಮನೆಗೇ ಬಂದಳು.

“ಏನಪ್ಪಾ, ಲೋಟ ಬರೆದ್ಯೋ ಬಾವಿ ತೋಡಿದ್ಯೋ? ನಲ್ಲಿ ಮುಂದೆ ಸಾಲು ಕರಗ್ತಾನೇ ಇಲ್ಲ. ಟ್ಯಾಂಕು ತುಂಬಿಸಿ ತುಂಬಿಸಿ ಸಾಕಾಯ್ತು!”

ಅಂದು ಸಂಜೆ ಡಬ್ಬಿ ಬಂತು. ತಾಯಿ ಎತ್ತಿ ಅಲ್ಲಾಡಿಸಿದಳು. ಮುಚ್ಚಳ ಖಣಖಣ ಎಂದಿತು.

“ಅಮ್ಮ,” ಎಂದಳು ಚಿನಕುರುಳಿ, “ಗೋಡೆ ಮೇಲಿನ ಡಬ್ಬೀಲಿ ಎರಡು ಮೊಟ್ಟೆ ಇದೆ. ನನಗ್ಯಾಕೆ ಒಂದೇ?”

ಪೇಂಟರ್ ಈ ಸಲ ತಲೆ ಎತ್ತಿಯೇ ನಕ್ಕ.

ಓದುಗರೇ, ನಾಳೆ ಮಗುವನ್ನು ಶಾಲೆಗೆ ಬಿಡಲು ಹೋದಾಗ ಗೇಟಿನಲ್ಲಿ ಒಂದು ನಿಮಿಷ ನಿಲ್ಲಿ. ಮಗುವಿನ ಎತ್ತರಕ್ಕೆ ಬಗ್ಗಿ, ಅದರ ಕಣ್ಣಿಗೆ ಏನೇನು ಬೀಳುತ್ತದೆ ನೋಡಿ. ಗೋಡೆ ನೋಡಿ, ಪುಕ್ಕಟೆ ಕೊಟ್ಟ ನೋಟ್‌ಬುಕ್ಕಿನ ರಟ್ಟು ನೋಡಿ, ಆಟದ ಅಂಗಿಯ ಬೆನ್ನು ನೋಡಿ. ಚಿಪ್ಸು, ಮಿಠಾಯಿ, ಸಕ್ಕರೆ ಪಾನೀಯದ ಜಾಹೀರಾತು ಕಂಡರೆ ಮುಖ್ಯ ಶಿಕ್ಷಕರಿಗೆ ತಿಳಿಸಿ, ಪೋಷಕರ ಸಭೆಯಲ್ಲಿ ಎದ್ದು ಕೇಳಿ. ಅಂಗಡಿಯವರೊಂದಿಗೆ ಜಗಳ ಬೇಕಿಲ್ಲ. ಅಳಿಸುವಾಗ ಮಾತ್ರ ತೆಳು ಸುಣ್ಣ ಬೇಡ, ಪೂರ್ತಿ ಅಳಿಸಿ. ಖಾಲಿಯಾದ ಜಾಗದಲ್ಲಿ ಏನು ಬರೆಯಬೇಕೆಂದು ಮಕ್ಕಳನ್ನೇ ಕೇಳಿ. ಆನೆ ಬೇಕು ಎಂದರೆ, ಅದಕ್ಕೂ ಒಂದು ಮೂಲೆ ಕೊಡಿ.