ಧಾರೆ ಸೀರೆಯ ಬಣ್ಣ

ಶಿವಗಂಗಮ್ಮನ ಅತ್ತೆ ಚಿಕ್ಕಗಂಗಮ್ಮ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ತಿಥಿಯ ಹೊತ್ತಿಗೆ ಗೋಡೆಗೊಂದು ದೊಡ್ಡ ಫೋಟೋ ಆಗಲೇಬೇಕೆಂದು ಮಗ ಬೆಟ್ಟಯ್ಯ ಹಟ ಹಿಡಿದ. ಮನೆಯಲ್ಲಿ ಇದ್ದದ್ದು ಒಂದೇ, ಅವನ ಮದುವೆಯಲ್ಲಿ ತೆಗೆಸಿದ ಗುಂಪಿನ ಫೋಟೋ. ಅದರಲ್ಲಿ ಅತ್ತೆ ತನ್ನ ಧಾರೆ ಸೀರೆ ಉಟ್ಟು, ನಗಲೋ ಬೇಡವೋ ಎಂಬಂತೆ ನಿಂತಿದ್ದಳು. ಗಂಡ ಹೆಂಡತಿ ಇಬ್ಬರೂ ಅದನ್ನು ಹಿಡಿದು ಗೋವಿಂದರಾಜನಗರದ ಸ್ಟುಡಿಯೋಗೆ ಬಂದರು.

ಸ್ಟುಡಿಯೋದ ಶ್ಯಾಮಸುಂದರ ಫೋಟೋವನ್ನು ಬೆಳಕಿಗೆ ಹಿಡಿದ. "ಅಮ್ಮನವರೊಬ್ಬರನ್ನೇ ದೊಡ್ಡದು ಮಾಡ್ಕೊಡ್ತೀನಿ. ಹಿಂಗೇ ಕಪ್ಪು ಬಿಳುಪು ಇರ್ಲಾ, ಕೈಯಲ್ಲಿ ಬಣ್ಣ ಹಾಕ್ಲಾ?"

"ಬಣ್ಣ ಹಾಕ್ರಣ್ಣ," ಎಂದ ಬೆಟ್ಟಯ್ಯ. "ನಮ್ಮವ್ವ ಇದ್ದಂಗೇ ಕಾಣ್ಬೇಕು."

"ಸೀರೆ ಯಾವ ಬಣ್ಣ?"

ಬೆಟ್ಟಯ್ಯ ತಲೆ ಕೆರೆದುಕೊಂಡ. "ನೀಲಿ ಇದ್ದಂಗಿತ್ತು... ಹಸಿರಾ?"

"ಗಂಡಸರನ್ನ ಕೇಳಿದ್ದು ನನ್ನ ತಪ್ಪು," ಎಂದು ಶ್ಯಾಮಸುಂದರ ನಕ್ಕ. "ಮೊನ್ನೆ ಒಬ್ರು ಹೆಂಡ್ತಿ ಸೀರೇಗೆ ಕೆಂಪು ಹಾಕಿಸ್ಕೊಂಡು ಹೋದ್ರು. ಆಯಮ್ಮ ಬಂದು, ಇದು ಯಾವಳ ಸೀರೆ ಅಂತ ಜಗಳಕ್ಕೇ ನಿಂತ್ರು. ಸೀರೇನೇ ತನ್ನಿ, ನೋಡ್ಕೊಂಡು ಹಾಕ್ತೀನಿ."

"ಅದಕ್ಕೇನು, ಟ್ರಂಕಲ್ಲೈತೆ. ಅಲ್ವೇನೇ?"

ಶಿವಗಂಗಮ್ಮ ಫೋಟೋದಿಂದ ಕಣ್ಣು ಕಿತ್ತಳು. ಟ್ರಂಕಿನಲ್ಲಿ ಸೀರೆ ಇರಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದಾಗ, ಹಳೇ ಜರಿ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಿದ್ದಳು. ಸೀರೆ ಮಡಿಕೆ ಮಡಿಕೆಗೂ ಸೀಳಿಹೋಗಿತ್ತು. ಮುದುಕಿ ಇನ್ನು ಏಳುವವಳಲ್ಲ, ಉಡುವವರು ಯಾರು ಎಂದುಕೊಂಡು ಶಿವಗಂಗಮ್ಮ ಅದನ್ನು ಕೊಟ್ಟೇಬಿಟ್ಟಿದ್ದಳು. ಅದಾದ ಮೇಲೊಂದು ದಿನ ಅತ್ತೆ, "ನನ್ ಧಾರೆ ಸೀರೆ ಒಸಿ ಕೊಡವ್ವ, ಮುಟ್ಟಿ ನೋಡ್ತೀನಿ," ಎಂದು ಕೈ ಚಾಚಿದ್ದಳು. "ಬಿಸಿಲಿಗೆ ಹಾಕಿದೀನಿ ಅತ್ತೆ, ನಾಳೆ ಕೊಡ್ತೀನಿ," ಎಂದಿದ್ದಳು ಇವಳು. ಅತ್ತೆ ಮತ್ತೆ ಕೇಳಲಿಲ್ಲ.

"ಬಣ್ಣ ಬೇಡ ಕಣ್ರೀ," ಎಂದಳು ಈಗ. "ಸತ್ತೋರಿಗೆ ಬಣ್ಣ ಬಳಿದ್ರೆ ಗೊಂಬೆ ಥರ ಕಾಣ್ತಾರೆ. ಕಪ್ಪು ಬಿಳುಪೇ ಲಕ್ಷಣ."

ಬೆಟ್ಟಯ್ಯನ ಮುಖ ಸಣ್ಣದಾಯಿತು. ಆಮೇಲೆ ತಾನೇ ಸಮಾಧಾನ ತಂದುಕೊಂಡು, "ಹೋಗ್ಲಿ ಬುಡಿ ಅಣ್ಣ, ಇವಳು ಹೇಳ್ದಂಗೇ ಆಗ್ಲಿ. ನಮ್ಮವ್ವನ ಹೇಲು ಉಚ್ಚೆ ಬಾಚಿದೋಳು ಇವಳು. ನನಗಿಂತ ಇವಳಿಗೇ ಗೊತ್ತು," ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

"ಹಸಿರು," ಎಂದಳು. "ಎಳೇ ಬಾಳೆಸುಳಿ ಹಸಿರು. ಅಂಚು ಕುಂಕುಮದ್ದು."

"ಮತ್ತೆ ಸೀರೆ ತಂದು ತೋರ್ಸಿದ್ರಾಯ್ತಲ್ಲ!" ಎಂದ ಬೆಟ್ಟಯ್ಯ.

"ಸೀರೆ ಇಲ್ಲ. ಪಾತ್ರೆಯವಳಿಗೆ ಹಾಕ್ಬಿಟ್ಟೆ. ಅತ್ತೆ ಇದ್ದಾಗ್ಲೇ. ಅವರು ಕೇಳಿದ್ರು... ಸುಳ್ಳು ಹೇಳಿದೆ."

ಶ್ಯಾಮಸುಂದರ ಮೇಜಿನ ಗಾಜು ಒರೆಸತೊಡಗಿದ. ಬೆಟ್ಟಯ್ಯ ಫೋಟೋದಲ್ಲಿದ್ದ ತಾಯಿಯನ್ನು ಬಹಳ ಹೊತ್ತು ನೋಡಿದ. ಕೊನೆಗೆ, ಹೆಂಡತಿಯ ಕಡೆ ತಿರುಗದೆ, "ಬಣ್ಣಾನೇ ಹಾಕ್ರಣ್ಣ. ಇವಳು ಕೂತು ಹೇಳ್ತಾಳೆ," ಎಂದು ಮೆಟ್ಟಿಲಿಳಿದು ಹೊರಟುಹೋದ.

ದೊಡ್ಡ ಪ್ರಿಂಟು ಬಂದ ದಿನ ಶಿವಗಂಗಮ್ಮ ಒಬ್ಬಳೇ ಬಂದು ಸ್ಟೂಲಿನ ಮೇಲೆ ಕೂತಳು. ಶ್ಯಾಮಸುಂದರ ಕಡ್ಡಿಗೆ ಹತ್ತಿ ಸುತ್ತಿ, ಬಣ್ಣಕ್ಕೆ ಅದ್ದಿ, ಅತ್ತೆಯ ಸೆರಗಿನ ಮೇಲೆ ಮೆಲ್ಲಗೆ ಸವರಿದ.

"ಇದಾ?"

"ಇನ್ನೂ ಒಸಿ ತಿಳಿ."

ಒರೆಸಿದ, ಮತ್ತೆ ಸವರಿದ. ಹಸಿರು ಸೆರಗಿನಿಂದ ಹೆಗಲಿಗೆ ಏರಿತು.

"ಈಗ ಸರಿಯಾ ಅಮ್ಮಾ?"

ಸರಿಯಾಗಿಯೇ ಇತ್ತು. ಹೂಂ ಎಂದರೆ ಎದ್ದು ಮನೆಗೆ ಹೋಗಬೇಕಿತ್ತು.

"ಇನ್ನೊಂದ್ಸಲ ನೋಡಣ," ಎಂದಳು.