ಎಡಗಡೆ ಸೀಟಿನ ಭಾರ

ಕಾರುಗಳ ಬಗ್ಗೆ ಬರೆದು ಹೊಟ್ಟೆ ಹೊರೆಯುವವಳು ನಾನು. ಯಾವುದು ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ, ಯಾವುದು ಬ್ರೇಕ್ ಒತ್ತಿದ ಕೂಡಲೇ ಮುನಿಸಿಕೊಳ್ಳುತ್ತದೆ ಎಂದು ಓಡಿಸಿ ನೋಡಿ ವಾರಪತ್ರಿಕೆಗೆ ವರದಿ ಒಪ್ಪಿಸುವುದು ನನ್ನ ಕೆಲಸ. ಹಾಗಾಗಿ ಅಣ್ಣ ಫೋನ್ ಮಾಡಿ, "ಅಪ್ಪನ ಎರಡು ಕಾರಲ್ಲಿ ಒಂದನ್ನ ಮನೆಯಿಂದ ಕಳಿಸಬೇಕು, ಯಾವುದು ಅಂತ ನೀನು ಹೇಳಿದ್ರೆ ಅಪ್ಪ ಕೇಳ್ತಾರೆ" ಅಂದಾಗ ಆಶ್ಚರ್ಯವಾಗಲಿಲ್ಲ, ಸಿಟ್ಟು ಬಂತು. ನಿಷ್ಠುರದ ಮಾತು ಆಡಬೇಕಾಗಿ ಬಂದಾಗಲೆಲ್ಲ ನಮ್ಮ ಮನೆಯವರಿಗೆ ನನ್ನ ನೆನಪಾಗುತ್ತದೆ.

"ಯಾವುದು ಅಂತ ನೀನಾಗಲೇ ತೀರ್ಮಾನ ಮಾಡಿದೀಯ," ಅಂದೆ.

"ಕೆಂಪು ಕಾರು. ಕೆಂಪಿ ಹೋಗಬೇಕು." ಆಮೇಲೆ ದನಿ ತಗ್ಗಿಸಿದ. "ದಿನಾ ಮಧ್ಯಾಹ್ನ ಅದನ್ನ ಹೊರಗೆ ತೆಗೀತಾರೆ. ಮೊದಲು ಎಡಗಡೆ ಬಾಗಿಲು ತೆಗೆದು, ಬಗ್ಗಿ, ಬೆಲ್ಟ್ ಹಾಕ್ತಾರೆ. ಆಮೇಲೆ ಈ ಕಡೆ ಬಂದು ತಾವು ಕೂತ್ಕೋತಾರೆ. ಮಾತಾಡ್ಕೊಂಡು ಹೋಗ್ತಾರೆ ಕಣೇ. ಹೋದ ವಾರ ಅಲ್ಲಿದ್ದಾಗ ಮಹಡಿ ಕಿಟಕಿಯಿಂದ ನಾನೇ ನೋಡ್ದೆ."

"ಆ ಸೀಟಲ್ಲಿ ಏನಿತ್ತು?"

"ಕೆಳಗೆ ಇಳಿದು ಹೋಗಿ ನೋಡೋ ಧೈರ್ಯ ಆಗ್ಲಿಲ್ಲ."

ಅಮ್ಮ ಹೋಗಿ ಆಗ ವರ್ಷ ತುಂಬಿರಲಿಲ್ಲ.

ಅಪ್ಪನದು ಕಾರಿನ ಚಕ್ರಗಳನ್ನು ಸರಿಹೊಂದಿಸುವ ಕೆಲಸ, ವೀಲ್ ಅಲೈನ್‌ಮೆಂಟ್. ಮನೆಯ ಹಿಂದೆ ತಗಡಿನ ಶೆಡ್ಡು. ಒಳಗೆ ಕಾರು ಎತ್ತುವ ಲಿಫ್ಟು, ಗೋಡೆಗುಂಟ ಮರಳಿನ ಚೀಲಗಳು. ಹಗುರವಾದ ಕಾರಿಗೆ ಕೂತವರ ಭಾರವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಅಪ್ಪ ಗಿರಾಕಿಯ ತೂಕ ಕೇಳಿ, ಅಷ್ಟೇ ತೂಕದ ಮರಳನ್ನು ಚೀಲಕ್ಕೆ ತುಂಬಿ, ಸೀಟಿನಲ್ಲಿ ಕೂರಿಸಿ, ಆಮೇಲೆ ಚಕ್ರಕ್ಕೆ ಕೈ ಹಾಕುತ್ತಾರೆ. "ತೂಕದಲ್ಲಿ ಸುಳ್ಳು ಹೇಳಿದವನ ಕಾರು ನೇರ ಓಡಲ್ಲ" ಎನ್ನುವುದು ಅವರ ಮಾತು. ಅಮ್ಮ ಮಾತ್ರ ಪ್ರತಿ ಸಲವೂ ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದಳು. ಅಪ್ಪ ಹೂಂ ಅಂದು, ಅವಳು ಅತ್ತ ತಿರುಗಿದ ಮೇಲೆ ಚೀಲಕ್ಕೆ ಇನ್ನಷ್ಟು ಮರಳು ಸುರಿಯುತ್ತಿದ್ದರು.

ಕಾರುಗಳು ಎರಡೂ ಜಪಾನಿನವು, ಎರಡೂ ಹಳೆಯವು. ಆಸೆ ದೊಡ್ಡದಾಗಿ ಜೇಬು ಚಿಕ್ಕದಾಗಿದ್ದವರು ಕೊಳ್ಳುತ್ತಿದ್ದ ಸ್ಪೋರ್ಟ್ಸ್ ಕಾರುಗಳು. ನೀಲಿಗೆ ಗಟ್ಟಿ ಛಾವಣಿ, ದೊಡ್ಡ ಎಂಜಿನ್, ಹಿಂದೆ ಹೆಸರಿಗೊಂದು ಸೀಟು. ಅದರಲ್ಲಿ ಮೊಣಕಾಲನ್ನು ಗದ್ದಕ್ಕೆ ಒತ್ತಿಕೊಂಡು ಕೂತೇ ನಾನೂ ಅಣ್ಣನೂ ಬೆಳೆದದ್ದು. ಕೆಂಪಿಗೆ ಇರುವುದು ಎರಡೇ ಸೀಟು, ಹಿಂದಕ್ಕೆ ಮಡಚುವ ಬಟ್ಟೆಯ ಛಾವಣಿ, ಚಿಕ್ಕ ಎಂಜಿನ್, ಹಗುರ ಮೈ. ಮಕ್ಕಳು ದೊಡ್ಡವರಾದ ಮೇಲೆ ಅಮ್ಮ ಹಟ ಹಿಡಿದು ತರಿಸಿದ್ದು ಅದು. "ಇದರಲ್ಲಿ ನಿಮಗೆ ಜಾಗ ಇಲ್ಲ, ಅದಕ್ಕೇ ತಗೊಂಡಿದ್ದು" ಎಂದು ನಮ್ಮ ಮುಖಕ್ಕೇ ಹೇಳಿದ್ದಳು.

"ಬಂದಳು ನೋಡು ಗಡಿಬಿಡಿ," ಅಂದರು ಅಪ್ಪ, ಶೆಡ್ಡಿನ ಬಾಗಿಲಲ್ಲಿ ನನ್ನನ್ನು ಕಂಡು. ಅದು ಅಮ್ಮ ಇಟ್ಟ ಹೆಸರು. ಅಪ್ಪ ಅದುವರೆಗೆ ಹಾಗೆ ಕರೆದದ್ದೇ ಇಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವರು ಕೈ ಒರೆಸಿಕೊಂಡು ಎರಡೂ ಬೀಗದ ಕೈ ಮುಂದಿಟ್ಟರು. "ನಿಮ್ಮಣ್ಣ ಯಾಕೆ ಕರೆಸಿದಾನೆ ಅಂತ ಗೊತ್ತು. ಓಡಿಸಿ ನೋಡು. ಸೋತದ್ದು ಹೋಗಲಿ. ಆದ್ರೆ ಪತ್ರಿಕೆಗೆ ಬರೆಯೋ ಹಾಗೆ ನಿಜ ಹೇಳಬೇಕು. ಅಪ್ಪ ಅಂತ ಮುಲಾಜು ನೋಡಬೇಡ."

ಮೊದಲು ನೀಲಿ ತೆಗೆದೆ. ದಾರಿ ನಮ್ಮ ಮನೆಯವರಿಗೆಲ್ಲ ಕಂಠಪಾಠ: ಗೋದಾಮುಗಳ ಸಾಲು, ಕೆರೆ ಸುತ್ತುವ ತಿರುವುಗಳು, ಆಮೇಲೆ ನೇರ ರಸ್ತೆ, ಕೊನೆಯಲ್ಲಿ ಆಸ್ಪತ್ರೆಯ ಮುಂದಿನ ಹಂಪುಗಳು. ನೀಲಿಯ ಕ್ಲಚ್ ಕಲ್ಲಿನ ಹಾಗೆ ಗಟ್ಟಿ, ಆದರೆ ಎರಡನೇ ಗೇರಿನಲ್ಲಿ ಬೆನ್ನಿಗೆ ಕೈಯಿಟ್ಟು ನೂಕುತ್ತದೆ. ತಿರುವಿನೊಳಗೆ ಮೂತಿ ತೂರಿಸಲು ಸ್ವಲ್ಪ ಸೋಮಾರಿತನ, ತೂರಿಸಿತೋ ಹಿಡಿದ ಪಟ್ಟು ಬಿಡುವುದಿಲ್ಲ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಮೇಲಿಂದ ಕೈ ಎತ್ತಿದೆ. ಗೆರೆ ಎಳೆದ ಹಾಗೆ ಹೋಯಿತು. ಅಪ್ಪನ ಕೆಲಸವೆಂದರೆ ಹಾಗೆ.

ಆಮೇಲೆ ಕೆಂಪಿ. ಅದರ ಗೇರು ಮಣಿಕಟ್ಟು ಆಡಿಸಿದಷ್ಟಕ್ಕೇ ಬೀಳುತ್ತದೆ. ಎಂಜಿನ್ನಿಗೆ ದಮ್ಮಿಲ್ಲ, ಬಾಯಿ ಮಾತ್ರ ಜೋರು. ತಿರುವುಗಳಲ್ಲಿ ನೀಲಿ ಯೋಚಿಸುವಷ್ಟರಲ್ಲಿ ಇದು ತಿರುಗಿ ಮುಗಿಸಿರುತ್ತದೆ; ಅಮ್ಮನಿಗೆ ಇದೇ ಬೇಕೆನಿಸಿದ್ದು ಯಾಕೆಂದು ಗೊತ್ತಾಗುತ್ತದೆ. ಆದರೆ ನೇರ ರಸ್ತೆಗೆ ಬಂದು ಕೈ ಸಡಿಲಿಸಿದಾಗ ಅದು ಬಲಕ್ಕೆ ಸರಿಯಿತು. ತುಸುವೇ, ಬೇರೆಯವರಿಗೆ ತಿಳಿಯುತ್ತಲೂ ಇರಲಿಲ್ಲ. ಸರಿಪಡಿಸಿದೆ. ಮತ್ತೆ ಸರಿಯಿತು. ಎಡಗಡೆ ಕೂತಿದ್ದ ಯಾರೋ ಈಗಷ್ಟೇ ಎದ್ದು ಹೋದ ಹಾಗಿತ್ತು. ಪಕ್ಕಕ್ಕೆ ನೋಡಿದೆ. ಖಾಲಿ ಸೀಟು. ಅದರ ಬೆಲ್ಟು ಮಾತ್ರ ತುಂಬ ಮುಂದಕ್ಕೆ ಎಳೆದು ಬಿಟ್ಟ ಹಾಗೆ ಸಡಿಲವಾಗಿ ಜೋತುಬಿದ್ದಿತ್ತು. ವಾಪಸು ಬರುವಾಗ ಆ ಕಡೆ ನೋಡಲಿಲ್ಲ.

"ನೀಲಿ ಗೆದ್ದಿತು," ಅಂದೆ ಶೆಡ್ಡಿಗೆ ಬಂದು. "ತಿರುವಲ್ಲಿ ಕೆಂಪಿಯೇ ಮೇಲು. ಆದ್ರೆ ಬಲಕ್ಕೆ ಎಳೀತಿದೆ. ನೀವು ಸೆಟ್ ಮಾಡಿದ ಕಾರು ಎಳೆಯೋದು ನಾನು ನೋಡೇ ಇಲ್ಲಪ್ಪ."

ಅಪ್ಪ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. "ಒಬ್ಬಳೇ ಹೋದ್ಯಲ್ಲ. ಅದನ್ನ ಒಬ್ಬರಿಗೆ ಅಂತ ಸೆಟ್ ಮಾಡಿಲ್ಲ."

ಎದ್ದು ಹೋಗಿ, ಬೆಂಚಿನ ಕೆಳಗಿಂದ ಒಂದು ಮರಳಿನ ಚೀಲ ಎಳೆದರು. ಚೀಲಕ್ಕೆ ಅಮ್ಮನ ಬೂದು ಸ್ವೆಟರ್ ತೊಡಿಸಿತ್ತು, ಗುಂಡಿಗಳನ್ನೂ ಹಾಕಿತ್ತು.

"ಬೆಲ್ಟು ಉಜ್ಜಿ ಚೀಲ ಹರಿಯುತ್ತೆ," ಅಂದರು ಅಪ್ಪ. "ಅದಕ್ಕೆ ಹಾಕಿದೆ." ಆ ಮಾತನ್ನು ಅವರೂ ನಂಬಿರಲಿಲ್ಲ.

ಏನು ಮಾಡಬೇಕೋ ತೋಚದೆ ಬಗ್ಗಿ ಅದನ್ನು ಎತ್ತಿದೆ. ಅಮ್ಮನ ಕೊನೆಯ ವಾರ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಅವಳನ್ನು ಎತ್ತಿ ಕೂರಿಸಿದ್ದು ನಾನೇ. ಮಗುವಿನಷ್ಟಾಗಿದ್ದಾಳಲ್ಲ ಎಂದು ಬಚ್ಚಲಿಗೆ ಹೋಗಿ ಅತ್ತಿದ್ದೆ. ತಲೆ ಮರೆತರೂ ತೋಳು ಮರೆಯುವುದಿಲ್ಲ. ಚೀಲ ಅವಳಿಗಿಂತಲೂ ಹಗುರವಾಗಿತ್ತು.

"ಇದು ಅಮ್ಮನ ತೂಕ ಅಲ್ಲ," ಅಂದೆ. "ಕೊನೇಗೂ ಇಷ್ಟು ಕಮ್ಮಿ ಇರಲಿಲ್ಲ."

"ಇರಲಿಲ್ಲ," ಅಂದರು. ಸ್ಟೂಲು ಎಳೆದುಕೊಂಡು ಕೂತರು. "ಆಸ್ಪತ್ರೆಗೆ ಕೆಂಪೀಲೇ ಹೋಗ್ತೀನಿ ಅಂತ ಅವಳ ಹಟ. ಕಾರು ಒಂಚೂರು ಎಳೆದು, ನಾನು ಸ್ಟೀರಿಂಗ್ ತಿದ್ದಿದ್ರೂ ಅವಳ ಮೈಯೆಲ್ಲ ನೋಯ್ತಿತ್ತು. ಅದಕ್ಕೆ ಅವಳ ತೂಕ ಇಳಿದ ಹಾಗೆಲ್ಲ ಚೀಲದಿಂದ ಮರಳು ತೆಗೆದು, ಚಕ್ರ ಮತ್ತೆ ಸರಿ ಮಾಡ್ತಿದ್ದೆ. ಅವಳಿಗೆ ಹೇಳಿರಲಿಲ್ಲ. ಹೇಳಿದ್ರೆ ಎಷ್ಟು ಇಳಿದೆ ಅಂತ ಗೊತ್ತಾಗಿಬಿಡ್ತಿತ್ತು."

"ಆಮೇಲೆ?"

"ಆಮೇಲೆ ಖಾಲಿ ಸೀಟಿಗೆ ಸೆಟ್ ಮಾಡೋಣ ಅಂತ ಚೀಲ ಇಳಿಸೋಕೆ ಹೋದೆ. ಕೈಯೇ ಏಳಲಿಲ್ಲ. ಬದುಕಿದ್ದವಳನ್ನ ನಡುದಾರೀಲಿ ಇಳಿಸಿ ಬಂದ ಹಾಗೆ ಆಗುತ್ತೆ. ಅದಕ್ಕೆ ವಾರಕ್ಕೆ ಒಂದು ಹಿಡಿ, ಎರಡು ಹಿಡಿ ತೆಗೀತೀನಿ. ಚಕ್ರ ಸರಿ ಮಾಡ್ತೀನಿ. ಚೀಲ ಖಾಲಿಯಾದ ದಿನ ಕೆಂಪಿ ಒಬ್ಬನಿಗೆ ನೇರ ಓಡುತ್ತೆ. ಅಲ್ಲೀವರೆಗೆ ಅದು ಇಲ್ಲಿರಬೇಕಿತ್ತು. ಆದ್ರೆ ಸೋತದ್ದು ಹೋಗಲಿ ಅಂತ ನಾನೇ ಬಾಯಿಬಿಟ್ಟು ಹೇಳಿದೀನಿ."

"ಮಾತಾಡ್ತೀರಂತೆ ಅದರ ಜೊತೆ."

"ನನಗೆ ತಲೆ ಕೆಟ್ಟಿಲ್ಲ ಕಣೇ. ಅದು ಮರಳು ಅಂತ ಗೊತ್ತು. ಅಷ್ಟು ವರ್ಷ ಪಕ್ಕದಲ್ಲಿ ಕೂತವಳ ಹತ್ರ ಒಂದೇ ಸಲಕ್ಕೆ ಮಾತು ನಿಲ್ಲಿಸು ಅಂದ್ರೆ ಹೇಗೆ ನಿಲ್ಲಿಸೋದು?"

ನನಗೆ ಅಪ್ಪನ ಮೇಲೂ ಸಿಟ್ಟು ಬಂತು, ಮೊದಲೇ ಹೇಳಬಾರದಿತ್ತೇ ಎಂದು. ಹೇಳಿದ್ದರೆ ನಾನು ಮುಲಾಜಿಗೆ ಬೀಳುತ್ತಿದ್ದೆ ಎನ್ನುವುದೂ ನಿಜ. ಚೀಲವನ್ನು ಹೊತ್ತುಕೊಂಡು ಹೋಗಿ ಕೆಂಪಿಯ ಎಡಗಡೆ ಸೀಟಿನಲ್ಲಿ ಇಟ್ಟು, ಬೆಲ್ಟ್ ಹಾಕಿದೆ. "ಪರೀಕ್ಷೆ ಸರಿಯಾಗಿ ಆಗಿಲ್ಲ," ಅಂದೆ. "ಇನ್ನೊಂದು ಸಲ ಹೋಗಿ ಬರ್ತೀನಿ."

ಛಾವಣಿ ಮಡಚಿ ಹೊರಟು ಗೋದಾಮು ದಾಟಿದೆ. ಕೆರೆಯ ತಿರುವುಗಳಲ್ಲಿ ಕಾರು ನೆಲಕ್ಕೆ ಹೊಲಿದ ಹಾಗೆ ಕೂತಿತ್ತು. ನೇರ ರಸ್ತೆಯಲ್ಲಿ ಕೈ ಎತ್ತಿದೆ. ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಗಾಳಿಗೆ ಸ್ವೆಟರಿನ ಖಾಲಿ ತೋಳು ಎದ್ದು ಎದ್ದು ಬೀಳುತ್ತಿತ್ತು. ಅಮ್ಮ ಮಾತಾಡುವಾಗ ಹಾಗೇ ಕೈ ಆಡಿಸುತ್ತಿದ್ದಳು. ಮೊದಲ ಸಲ ನೋಡಲು ಹೆದರಿದ್ದ ಕಡೆ ಈಗ ಮತ್ತೆ ಮತ್ತೆ ನೋಡಿದೆ.

ಹಂಪುಗಳು ಬಂದವು. ನಾನು ಯಾವತ್ತೂ ಹಂಪಿಗೆ ಮರ್ಯಾದೆ ಕೊಟ್ಟವಳಲ್ಲ. ಅವತ್ತು ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಂತು. ಕಾರನ್ನು ಓರೆಯಾಗಿಸಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸಿದೆ, ಅಪ್ಪ ಮಾಡುತ್ತಿದ್ದ ಹಾಗೆ. ಹಿಂದಿನ ವಾಹನದವನು ಹಾರ್ನ್ ಹೊಡೆದು ಬೈದ. ಕೊನೆಯ ಹಂಪಿನಲ್ಲಿ ಹಿಂದಿನ ಚಕ್ರ ದಡಕ್ಕೆಂದಿತು.

"ನೋವಾಯ್ತಾ, ಅಮ್ಮ?" ಅಂದೆ.

ಗಟ್ಟಿಯಾಗಿಯೇ ಅಂದೆ. ಅಂದದ್ದಕ್ಕಲ್ಲ ನನಗೆ ಭಯವಾದದ್ದು. ಅಂದ ಮೇಲೆ ಉತ್ತರಕ್ಕೆ ಕಾದಿದ್ದಕ್ಕೆ. ಎಂಜಿನ್ ಸಣ್ಣಗೆ ಗುರುಗುಡುತ್ತಿತ್ತು. ಸ್ವೆಟರಿನ ತೋಳು ಜಾರಿ ಗೇರಿನ ಮೇಲೆ, ನನ್ನ ಕೈಯ ಪಕ್ಕ ಬಿತ್ತು. ಅದನ್ನು ಎತ್ತಿಡಲು ನನ್ನಿಂದಾಗಲಿಲ್ಲ, ಹಾಗೇ ಬಿಟ್ಟೆ.

ಆಸ್ಪತ್ರೆಯ ಗೇಟಿನ ಪಕ್ಕ ನಿಲ್ಲಿಸಿ ಅಣ್ಣನಿಗೆ ಫೋನ್ ಮಾಡಿದೆ. "ಕೆಂಪಿ ಎಲ್ಲೂ ಹೋಗಲ್ಲ. ಸರಿಯಾಗಿ ನೋಡಿದ್ರೆ ಗೆದ್ದಿದ್ದು ಅದೇ."

"ಅಪ್ಪ ಯಾರ ಜೊತೆ ಮಾತಾಡ್ತಾರೆ ಅಂತ ನೋಡಿದ್ಯಾ?"

"ನೋಡ್ದೆ. ನಾನೂ ಮಾತಾಡ್ದೆ."

ಅಣ್ಣ ಮೂಗು ಎಳೆದುಕೊಳ್ಳುವ ಸದ್ದು ಕೇಳಿಸಿತು. "ಭಾನುವಾರ ನಾನೂ ಬರಲಾ?" ಅಂದ.

ಶೆಡ್ಡಿಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು. ಕೆಂಪಿಯನ್ನು ಲಿಫ್ಟಿನ ಮೇಲೆ ಹತ್ತಿಸಲು ಸನ್ನೆ ಮಾಡಿದರು. ಆಮೇಲೆ ಎಡಗಡೆ ಬಾಗಿಲು ತೆಗೆದು, ಸ್ವೆಟರಿನ ಮೇಲಿನ ಎರಡು ಗುಂಡಿ ಬಿಚ್ಚಿ, ಚೀಲದ ಬಾಯಿಯ ದಾರ ಸಡಿಲಿಸಿದರು.

"ಈ ವಾರದ್ದು ನೀನು ತೆಗಿ."

ಕೈ ಒಳಗೆ ಹಾಕಿದೆ. ಛಾವಣಿ ತೆಗೆದು ಬಿಸಿಲಲ್ಲಿ ಬಂದಿದ್ದರಿಂದ ಮರಳು ಬೆಚ್ಚಗಿತ್ತು. ಬೇಗ ಮುಗಿಸಿಬಿಡೋಣ ಎಂದು ಹಿಡಿ ತುಂಬ ತೆಗೆದುಕೊಂಡು ಮೇಲೆತ್ತಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು.

"ಅಷ್ಟೊಂದು ಬೇಡ, ಗಡಿಬಿಡಿ," ಅಂದರು. "ಸ್ವಲ್ಪ ಕಮ್ಮಿ ತೆಗಿ."