ಲೀ ಕಡಿ ಬರ್ರಿ

"ಇನ್ನಾ ಜರಾ ಎಳೀರಿ ಸುಶೀಲಣ್ಣ, ಸಡ್ಲ ಬಿಡಬ್ಯಾಡ್ರಿ!" ಶಾಮಿಯಾನದ ಯೂಸುಫ ಹಗ್ಗ ಹಿಡಿದೇ ಕೂಗಿದ.

ಸುಶೀಲಕುಮಾರ ಎಳೆಯುತ್ತಿದ್ದನಾದರೂ ಕಣ್ಣೆಲ್ಲ ಔರಾದ್ ರಸ್ತೆಯ ಮೇಲಿತ್ತು. ಕಚೇರಿಯ ಸಾಹೇಬರು ವೀರಭದ್ರ ಅವರು ಮಣ್ಣಿಗೆ ಬರುತ್ತೇನೆಂದು ಫೋನು ಮಾಡಿದ್ದರು. ಅಪ್ಪ ಅಂಗಳದಲ್ಲಿ ತಣ್ಣಗೆ ಮಲಗಿರುವಾಗಲೂ ಮಗ ಬೇಡಿಕೊಳ್ಳುತ್ತಿದ್ದುದು ಒಂದೇ: ಸಾಹೇಬರು ಬಾರದಿರಲಿ, ಅಪ್ಪನ ಮುಖ ನೋಡದಿರಲಿ.

ಜನವಾಡದ ಗಾಳಿಗೆ ಅಪ್ಪ ಮಾಣಿಕನ ತಲೆದೆಸೆಯ ಮೇಣದಬತ್ತಿ ಮತ್ತೆ ಮತ್ತೆ ಆರುತ್ತಿತ್ತು.

"ಅವ್ರಿಗಿ ಲೀ ಕಡಿ ಮಲಗಸ್ರಿ," ಅಂದಳು ಮಾಣಿಕನ ಹೆಂಡತಿ ಕೇಶರಬಾಯಿ. "ಇಲ್ಲಿ ಗಾಳಿ ಬಡೀತದ."

ಲೀ ಅಂದರೇನೆಂದು ಯಾರೂ ಕೇಳಲಿಲ್ಲ. ಬೀದರ ಸೀಮೆಯವರು ಸಮುದ್ರ ನೋಡುವುದು ಹೆಚ್ಚಾಗಿ ಕ್ಯಾಲೆಂಡರಿನಲ್ಲಿ. ಮಾಣಿಕ ಮಾತ್ರ ಹರೆಯದಲ್ಲಿ ಮುಂಬೈಗೆ ಹೋಗಿ ಸರಕಿನ ಹಡಗಿನಲ್ಲಿ ಖಲಾಸಿಯಾಗಿದ್ದವನು. ಹಡಗಿನ ಯಾವ ಮಗ್ಗುಲಿಗೆ ಗಾಳಿ ತಾಗದೋ ಅದು ಲೀ. ಎಂಥ ಬಿರುಗಾಳಿಯಲ್ಲೂ ಅಲ್ಲಿ ನಿಂತವನು ಬೀಡಿ ಹೊತ್ತಿಸಬಹುದು. ಅವನು ಊರಿಗೆ ತಂದದ್ದು ಒಂದು ಟ್ರಂಕು ಮತ್ತು ಈ ಒಂದು ಮಾತು. ಟ್ರಂಕು ತುಕ್ಕು ಹಿಡಿಯಿತು. ಮಾತು ಊರಿಗೇ ಅಂಟಿಕೊಂಡು, ಒಲೆ ಹೂಡುವವರು, ತೊಟ್ಟಿಲು ಕಟ್ಟುವವರು, ಬಸ್ಸಿಗೆ ಕಾಯುವವರು ಎಲ್ಲರೂ ಲೀ ಕಡೆ ಹುಡುಕತೊಡಗಿದರು.

*

ಸುಶೀಲಕುಮಾರ ಔರಾದಿನಲ್ಲಿ ಮನೆ ಕಟ್ಟಿಸಿ ಊಟ ಹಾಕಿಸಿದ ದಿನವೂ ಇಂಥದೇ ಗಾಳಿ. ಶಾಮಿಯಾನದ ಪರದೆ ಹಾರಿ ಊಟದ ಎಲೆಗಳಿಗೆ ಧೂಳು ಬೀಳತೊಡಗಿದಾಗ ಮಾಣಿಕ ಹೊಸ ಅಂಗಿ ಕಳಚಿಟ್ಟು, ಬನಿಯನ್ನಿನಲ್ಲೇ ಹೋಗಿ ಗಾಳಿಯ ಕಡೆಯ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಪಂಗತಿ ಮುಗಿಯುವವರೆಗೂ ಬಿಡಲಿಲ್ಲ.

"ಯಾರ್ರಿ ಅವ್ರು?" ವೀರಭದ್ರ ಊಟಕ್ಕೆ ಕೂಡುತ್ತ ಕೇಳಿದರು.

ಬೆವರಿಳಿಯುವ ಮೈ, ಮಾಸಿದ ಬನಿಯನ್ನು. ಸುಶೀಲಕುಮಾರನಿಗೆ ನಾಚಿಕೆಯಾಯಿತು.

"ಶಾಮಿಯಾನದಾವ್ರು ರಿ, ಸರ್."

ಮಾಣಿಕನಿಗೆ ಅದು ಕೇಳಿಸಿತು. ಮಗನನ್ನು ಒಮ್ಮೆ ನೋಡಿದ. ಆಮೇಲೆ ಶಾಮಿಯಾನದವನ ವಿನಯದಲ್ಲೇ ಅಂದ: "ಸಾಹೇಬ್ರ, ಅಲ್ಲಿ ಧೂಳು ಬೀಳ್ತದರಿ. ಲೀ ಕಡಿ ಬರ್ರಿ."

*

ಕಾರು ಬಂದೇ ಬಂತು. ಹಾರ ಹಿಡಿದು ಇಳಿದ ವೀರಭದ್ರ, ಸತ್ತವನ ಮುಖ ನೋಡಿ ಹಾರ ಹಾಕುವುದನ್ನೇ ಮರೆತು ನಿಂತರು.

"ಇವ್ರು... ಅವತ್ತ ನನಗ ಲೀ ಕಡಿ ಬರ್ರಿ ಅಂದಿದ್ರು," ಎಂದು ಸುಶೀಲಕುಮಾರನ ಕಡೆ ತಿರುಗಿದರು. ಅವನು ತಲೆ ಎತ್ತಲಿಲ್ಲ.

"ಆ ಸಾಹೇಬ್ರು ನೀವೇ ಏನ್ರಿ?" ಕೇಶರಬಾಯಿ ಕಣ್ಣೊರೆಸಿಕೊಂಡಳು. "ಅವತ್ತ ನಾ ಒಳಗ ಹೆಣ್ಮಕ್ಕಳ ಸಂಗಟ ಇದ್ದೆ. ಮಗ ಕೈ ಹಿಡದು ಕರಕೊಂಡು ಬಂದು, ಇವ್ರು ನಮ್ಮಪ್ಪ ಅಂತ ನಿಮಗ ತೋರಿಸಿದ್ನಂತ್ರಿ. ಊರಿಗೆಲ್ಲ ಹೇಳ್ಕೋತ ತಿರಗ್ಯಾರ ಇವ್ರು."

ವೀರಭದ್ರ ಮಗನನ್ನು ನೋಡಿದರು, ಮುದುಕಿಯನ್ನು ನೋಡಿದರು. "ಹೌದ್ರಿ ಅವ್ವ," ಅಂದರು.

ಸತ್ತ ಅಪ್ಪನೂ ಬದುಕಿರುವ ಸಾಹೇಬರೂ ಸೇರಿ ತನ್ನ ಮಾನ ಕಾಯುತ್ತಿದ್ದರು. ಸುಶೀಲಕುಮಾರನಿಗೆ ಅದನ್ನು ತಾಳಲಾಗಲಿಲ್ಲ.

"ಇಲ್ಲವ್ವ, ನಾ ಹಾಂಗ ಅನ್ಲಿಲ್ಲ. ಶಾಮಿಯಾನದಾವ ಅಂದಿದ್ದೆ."

ಕೇಶರಬಾಯಿ ಗಂಡನ ಮುಖವನ್ನೇ ನೋಡುತ್ತ ಕೂತಳು. ಮಗನ ಕಡೆ ತಿರುಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಗಾಳಿ ಎದ್ದು ಪರದೆ ಹಾರಿತು, ಬತ್ತಿ ಮತ್ತೆ ಆರಿತು. ಸುಶೀಲಕುಮಾರ ಹೋಗಿ ಎರಡೂ ಕೈಯಲ್ಲಿ ಪರದೆ ಹಿಡಿದು ನಿಂತ.

"ಬಿಡ್ರಿ ಅಣ್ಣ, ನಾ ಹಿಡೀತೇನಿ," ಎಂದು ಯೂಸುಫ ಬಂದ. ಸುಶೀಲಕುಮಾರ ಬಿಡಲಿಲ್ಲ.

ಬುದ್ಧನಿಗೆ ಶರಣೆನ್ನುವ ತ್ರಿಶರಣ ಶುರುವಾಯಿತು. ಮನ್ನಳ್ಳಿಯಿಂದ ತಡವಾಗಿ ಬಂದ, ಸುಶೀಲಕುಮಾರನ ಗುರುತಿಲ್ಲದ ಮುದುಕನೊಬ್ಬ ಕೇಶರಬಾಯಿಯ ಹತ್ತಿರ ಕೂತು ಮೆಲ್ಲಗೆ ಕೇಳಿದ: "ಆ ಶಾಮಿಯಾನದಾವ ಯಾಕ ಹಾಂಗ ಅಳ್ಲಿಕತ್ತಾನವ್ವ?"

"ಅವ ನಮ್ಮ ಮಗ ರಿ," ಎಂದು ಕೇಶರಬಾಯಿ ಕಡ್ಡಿ ಗೀರಿದಳು.

ಬತ್ತಿಯ ಕುಡಿ ಈ ಸಲ ಅಲುಗದೆ ನೆಟ್ಟಗೆ ನಿಂತಿತು. ಪರದೆ ಹಿಡಿದವನಿಗೆ ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.